ರಫ್ತು ನಿಯಂತ್ರಣ ಮತ್ತು ನೇಮಕಾತಿ: ಅಮೆರಿಕದ ವಿಮಾನೋದ್ಯಮದಲ್ಲಿ ಭಾರತೀಯ ಎಂಜಿನಿಯರಿಂಗ್ ಪದವೀಧರರ ಸ್ಥಾನ

ಪೀಠಿಕೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಓದುವ ಭಾರತೀಯ ವಿದ್ಯಾರ್ಥಿಗಳಲ್ಲಿ ಒಂದು ಮಾತು ಬಲವಾಗಿ ಬೇರೂರಿದೆ. ಐಟಾರ್ ಎಂಬ ನಿಯಮ ಇರುವವರೆಗೆ ಪರದೇಶದವರಿಗೆ ಈ ಉದ್ಯಮದಲ್ಲಿ ಜಾಗವಿಲ್ಲ ಎಂಬುದೇ ಆ ಮಾತು. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಯಾವ ದೇಶದ ವಿದ್ಯಾರ್ಥಿಗಳೂ ಇದಕ್ಕಿಂತ ಹೆಚ್ಚಿರಲಿಲ್ಲ. ಇವರಲ್ಲಿ ವಿಮಾನಶಾಸ್ತ್ರ ಹಿಡಿದವರು ಸಣ್ಣ ಪಾಲು. ಆದರೆ ಆ ಸಣ್ಣ ಪಾಲಿನವರಿಗೆ ಎದುರಾಗುವ ತೊಡಕು ಕಂಪ್ಯೂಟರ್ ವಿಜ್ಞಾನ ಓದಿದವರ ತೊಡಕಿಗಿಂತ ಬೇರೆ ಬಗೆಯದು. ಕಂಪ್ಯೂಟರ್ ಪದವೀಧರ ಎದುರಿಸುವುದು ವಲಸೆ ಕಾನೂನನ್ನು ಮಾತ್ರ. ವಿಮಾನ ಎಂಜಿನಿಯರು ವಲಸೆ ಕಾನೂನು, ರಫ್ತು ನಿಯಂತ್ರಣ ಕಾನೂನು, ರಕ್ಷಣಾ ಗೋಪ್ಯತೆಯ ಕಾನೂನು ಮೂರನ್ನೂ ಒಟ್ಟಿಗೆ ಎದುರಿಸಬೇಕು. ಈ ಮೂರರ ವ್ಯತ್ಯಾಸ ತಿಳಿಯದೆ ಎಲ್ಲವನ್ನೂ ‘ಐಟಾರ್’ ಎಂಬ ಒಂದೇ ಹೆಸರಿನಡಿ ಸೇರಿಸಿಬಿಟ್ಟರೆ, ತೆರೆದಿರುವ ಬಾಗಿಲನ್ನೂ ಮುಚ್ಚಿದೆಯೆಂದು ನಂಬಿ ಹಿಂದಿರುಗುವಂತಾಗುತ್ತದೆ.

ಈ ಲೇಖನದ ವಾದ ಹೀಗಿದೆ. ಅಮೆರಿಕದ ಕಾನೂನು ನಿರ್ಬಂಧಿಸಿರುವುದು ನಿರ್ದಿಷ್ಟ ತಾಂತ್ರಿಕ ಮಾಹಿತಿಯನ್ನು, ವೃತ್ತಿಯನ್ನಲ್ಲ. ನಾಗರಿಕ ವಿಮಾನಯಾನದ ಬಹುಭಾಗದ ಮಾಹಿತಿ ಭಾರತೀಯ ಪ್ರಜೆಗೆ ಯಾವ ಲೈಸೆನ್ಸೂ ಇಲ್ಲದೆ ಸಿಗಬಹುದಾದದ್ದು. ಹೀಗಿದ್ದರೂ ನೇಮಕಾತಿಯ ರೂಢಿ ಕಾನೂನಿಗಿಂತ ಬಹಳ ಬಿಗಿಯಾಗಿದೆ. ಇದಕ್ಕೆ ಕಂಪನಿಗಳ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ರಫ್ತು ನಿಯಂತ್ರಣ ಮತ್ತು ತಾರತಮ್ಯ ನಿಷೇಧ ಎಂಬ ಎರಡು ಕಾನೂನುಗಳು ಕೂಡುವ ಕಡೆ ಉಳಿದಿರುವ ಒಂದು ಖಾಲಿ ಜಾಗದಲ್ಲೇ ಕಾರಣವಿದೆ. ಅಮೆರಿಕದ ಪ್ರಕಟಿತ ನಿಯಮಗಳನ್ನೂ ಅಲ್ಲಿನ ಸರ್ಕಾರ ಕಂಪನಿಗಳೊಂದಿಗೆ ಮಾಡಿಕೊಂಡ ಬಹಿರಂಗ ಒಪ್ಪಂದಗಳನ್ನೂ ಆಧಾರವಾಗಿಟ್ಟುಕೊಂಡು ಈ ವಾದವನ್ನು ಪರಿಶೀಲಿಸಲಾಗಿದೆ.

ಕಾನೂನು ನಿರ್ಬಂಧಿಸಿರುವುದು ಏನನ್ನು?

ಐಟಾರ್ ಎಂದರೆ ಅಂತರರಾಷ್ಟ್ರೀಯ ಶಸ್ತ್ರಾಸ್ತ್ರ ಸಾಗಣೆ ನಿಯಮಾವಳಿ. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆ ಇದಕ್ಕೆ ಮೂಲ. ಜಾರಿ ವಿದೇಶಾಂಗ ಇಲಾಖೆಯದು. ಯಾವ ವಸ್ತು, ಯಾವ ಮಾಹಿತಿ ಇದರ ಅಡಿಗೆ ಬರುತ್ತದೆ ಎಂಬುದನ್ನು ಯುದ್ಧಸಾಮಗ್ರಿ ಪಟ್ಟಿ ಹೇಳುತ್ತದೆ. ಅದರ 8ನೇ ವರ್ಗ ಯುದ್ಧವಿಮಾನಗಳದ್ದು, 19ನೇ ವರ್ಗ ಮಿಲಿಟರಿ ಗ್ಯಾಸ್ ಟರ್ಬೈನ್ ಎಂಜಿನ್‌ಗಳದ್ದು, 4ನೇ ವರ್ಗ ಉಡಾವಣಾ ವಾಹನ ಮತ್ತು ಕ್ಷಿಪಣಿಗಳದ್ದು, 15ನೇ ವರ್ಗ ಬಾಹ್ಯಾಕಾಶ ನೌಕೆಗಳದ್ದು. ಪಟ್ಟಿಯಲ್ಲಿರುವ ವಸ್ತುವಿನ ವಿನ್ಯಾಸ, ತಯಾರಿಕೆ, ದುರಸ್ತಿಗೆ ಬೇಕಾದ ತಾಂತ್ರಿಕ ಮಾಹಿತಿಯನ್ನು ಅಮೆರಿಕದ ನೆಲದ ಮೇಲೆಯೇ ಪರದೇಶದ ಪ್ರಜೆಗೆ ತೋರಿಸಿದರೂ ಅದು ರಫ್ತು ಎಂದೇ ಲೆಕ್ಕ. ಯುದ್ಧವಿಮಾನದ ರೆಕ್ಕೆಯ ನಕ್ಷೆಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ತೆರೆದು ಪಕ್ಕದ ಸಹೋದ್ಯೋಗಿಗೆ ತೋರಿಸುವುದೂ ಇದರೊಳಗೆ ಬರುತ್ತದೆ. ಅನುಮತಿಯಿಲ್ಲದ ರಫ್ತು ಕ್ರಿಮಿನಲ್ ಅಪರಾಧವೆಂದು ಸಾಬೀತಾದರೆ ಪ್ರತಿ ಉಲ್ಲಂಘನೆಗೆ 10 ಲಕ್ಷ ಡಾಲರ್‌ವರೆಗೆ ದಂಡ, 20 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ರಕ್ಷಣಾ ಗೋಪ್ಯತೆಯ ಕ್ಲಿಯರೆನ್ಸ್ ಬೇಕಾದ ಹುದ್ದೆಗಳು ಇನ್ನೂ ಬಿಗಿ. ಅವು ನಾಗರಿಕರಿಗೆ ಮಾತ್ರ. 1976ರ 11935ನೇ ಕಾರ್ಯಾದೇಶದ ಪ್ರಕಾರ ಫೆಡರಲ್ ಸರ್ಕಾರದ ಸ್ಪರ್ಧಾತ್ಮಕ ಸೇವೆಯ ಹುದ್ದೆಗಳೂ ಹಾಗೆಯೇ. ನಾಸಾದ ಸರ್ಕಾರಿ ಎಂಜಿನಿಯರ್ ಹುದ್ದೆಗಳು ಭಾರತೀಯ ಪದವೀಧರರಿಗೆ ಸಿಗದಿರುವುದಕ್ಕೆ ಐಟಾರ್ ಕಾರಣವಲ್ಲ, ಈ ಆದೇಶ ಕಾರಣ.

ನಾಗರಿಕ ವಿಮಾನಗಳ ಕಥೆ ಬೇರೆ. ಅವು ವಾಣಿಜ್ಯ ಇಲಾಖೆಯ ರಫ್ತು ಆಡಳಿತ ನಿಯಮಾವಳಿಯಾದ ಇಎಆರ್‌ಗೆ ಸೇರುತ್ತವೆ. ಅದರ ವಾಣಿಜ್ಯ ನಿಯಂತ್ರಣ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಂದು ಸಂಕೇತವಿದೆ, ನಿಯಂತ್ರಣಕ್ಕೆ ಕಾರಣವೂ ನಮೂದಾಗಿದೆ. ಸಾಮಾನ್ಯ ಪ್ರಯಾಣಿಕ ವಿಮಾನ, ಅದರ ಬಿಡಿಭಾಗಗಳ ಸಂಕೇತ 9ಎ991. ಅವುಗಳ ತಂತ್ರಜ್ಞಾನದ್ದು 9ಇ991. ಇವುಗಳ ಮೇಲಿರುವುದು ಮುಖ್ಯವಾಗಿ ಭಯೋತ್ಪಾದನೆ ತಡೆಯ ನಿಯಂತ್ರಣ. ಇರಾನ್, ಉತ್ತರ ಕೊರಿಯಾದಂಥ ಕೆಲವೇ ದೇಶಗಳಿಗೆ ಅದು ಅನ್ವಯಿಸುತ್ತದೆ, ಭಾರತಕ್ಕೆ ಅನ್ವಯಿಸುವುದಿಲ್ಲ. ಎಂದರೆ ಪ್ರಯಾಣಿಕ ವಿಮಾನದ ಸೀಟಿನ ಬ್ರಾಕೆಟ್, ಸರಕು ಕೋಣೆಯ ನೆಲಹಾಸಿನ ತೊಲೆ, ಬಾಗಿಲಿನ ಹಿಂಜಿನ ಆಯಾಸ ವಿಶ್ಲೇಷಣೆ ಇಂಥ ಕೆಲಸಗಳ ಮಾಹಿತಿಯನ್ನು ಭಾರತೀಯ ಎಂಜಿನಿಯರ್‌ಗೆ ಕೊಡಲು ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ. ಇದೇ ವಿಮಾನದ ಎಂಜಿನ್ನಿನ ಬಿಸಿಭಾಗಕ್ಕೆ ಬಂದರೆ ಪರಿಸ್ಥಿತಿ ಬದಲಾಗುತ್ತದೆ. ಏಕಸ್ಫಟಿಕ ಬ್ಲೇಡುಗಳ ತಯಾರಿಕೆ, ಬ್ಲೇಡಿನೊಳಗೆ ತಂಪು ಗಾಳಿ ಹಾಯಿಸುವ ರಂಧ್ರಗಳ ವಿನ್ಯಾಸ, ಎಂಜಿನ್ನಿನ ಸಂಪೂರ್ಣ ಡಿಜಿಟಲ್ ನಿಯಂತ್ರಣ ಇವು 9ಇ003 ಎಂಬ ಸಂಕೇತದಡಿ ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ ನಿಯಂತ್ರಿತವಾಗಿವೆ. ಒಂದೇ ವಿಮಾನದ ಎರಡು ಭಾಗಗಳಿಗೆ ಎರಡು ಬೇರೆ ಉತ್ತರ ಸಿಗುವುದರಿಂದಲೇ ‘ಈ ಕಂಪನಿ ನಮಗೆ ತೆರೆದಿದೆಯೇ’ ಎಂಬ ಪ್ರಶ್ನೆ ತಪ್ಪು ಪ್ರಶ್ನೆ. ‘ಈ ಹುದ್ದೆಯಲ್ಲಿ ಯಾವ ಮಾಹಿತಿ ಕೈಗೆ ಬರುತ್ತದೆ’ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಗಡಿ ಕಾಲಕಾಲಕ್ಕೆ ಸಡಿಲಗೊಂಡದ್ದೂ ಇದೆ. 2013ರ ಅಕ್ಟೋಬರ್ 15ರಂದು ಜಾರಿಗೆ ಬಂದ ರಫ್ತು ನಿಯಂತ್ರಣ ಸುಧಾರಣೆಯ ಮೊದಲ ಕಂತು ವಿಮಾನ ಮತ್ತು ಎಂಜಿನ್‌ಗಳದ್ದೇ ಆಗಿತ್ತು. ಮಿಲಿಟರಿ ವಿಮಾನಗಳ ಸಾವಿರಾರು ಸಾಮಾನ್ಯ ಬಿಡಿಭಾಗಗಳು ಯುದ್ಧಸಾಮಗ್ರಿ ಪಟ್ಟಿಯಿಂದ ವಾಣಿಜ್ಯ ಇಲಾಖೆಯ ಪಟ್ಟಿಗೆ ಸರಿದದ್ದು ಆಗ. ಭಾರತ 2016ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಒಕ್ಕೂಟವನ್ನೂ 2017ರಲ್ಲಿ ರಫ್ತು ನಿಯಂತ್ರಣದ ವಾಸೆನಾರ್ ವ್ಯವಸ್ಥೆಯನ್ನೂ ಸೇರಿತು. 2018ರ ಆಗಸ್ಟ್‌ನಲ್ಲಿ ಅಮೆರಿಕ ಭಾರತವನ್ನು ವ್ಯೂಹಾತ್ಮಕ ವ್ಯಾಪಾರ ಅನುಮತಿಯ ಮೊದಲ ಶ್ರೇಣಿಗೆ ಏರಿಸಿತು. ಬಿಸಿಭಾಗದ ತಿರುಳಿನ ತಂತ್ರಜ್ಞಾನ ಬಹುಪಾಲು ಈ ಸಡಿಲಿಕೆಯ ಹೊರಗೇ ಉಳಿದಿದೆ. ಆದರೂ 2000ನೆಯ ಇಸವಿಯ ಭಾರತೀಯ ಪದವೀಧರ ಎದುರಿಸಿದ ನಿಯಮಕ್ಕೂ ಇಂದಿನವನು ಎದುರಿಸುವ ನಿಯಮಕ್ಕೂ ಗಣನೀಯ ವ್ಯತ್ಯಾಸವಿದೆ. ನೇಮಕಾತಿ ವಿಭಾಗಗಳ ರೂಢಿ ಈ ಬದಲಾವಣೆಯ ಜೊತೆ ಹೆಜ್ಜೆ ಹಾಕಿಲ್ಲ.

ಬೆಂಗಳೂರಿನ ಸಾಕ್ಷ್ಯ

ಕಾನೂನು ಮತ್ತು ರೂಢಿಯ ನಡುವಿನ ಅಂತರಕ್ಕೆ ಅತ್ಯಂತ ಸ್ಪಷ್ಟ ಸಾಕ್ಷ್ಯ ಕರ್ನಾಟಕದಲ್ಲೇ ಇದೆ. ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ 2000ದಿಂದ ಬೆಂಗಳೂರಿನಲ್ಲಿದೆ. ದೇವನಹಳ್ಳಿಯ ಬಳಿ 43 ಎಕರೆಯಲ್ಲಿ, 1,600 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಬೋಯಿಂಗ್ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹನಿವೆಲ್, ಕಾಲಿನ್ಸ್‌ನಂಥ ಕಂಪನಿಗಳ ಕೇಂದ್ರಗಳೂ ಇಲ್ಲಿವೆ. ಇಲ್ಲಿ ಕೆಲಸ ಮಾಡುವವರು ಬಹುತೇಕ ಭಾರತೀಯ ಪ್ರಜೆಗಳು. ಅಮೆರಿಕದಲ್ಲಿ ಹುಟ್ಟಿದ ತಾಂತ್ರಿಕ ಮಾಹಿತಿ ಕಾನೂನುಬದ್ಧವಾಗಿ ದಾಟಿ ಬರದೆ ಇಂಥ ಕೇಂದ್ರಗಳು ಒಂದು ದಿನವೂ ನಡೆಯಲಾರವು.

ಇಲ್ಲಿ ಇಎಆರ್‌ನ ಒಂದು ಮೂಲತತ್ವ ಮುಖ್ಯವಾಗುತ್ತದೆ. ಅಮೆರಿಕದೊಳಗೆ ಪರದೇಶದ ಪ್ರಜೆಗೆ ನಿಯಂತ್ರಿತ ತಂತ್ರಜ್ಞಾನ ತೋರಿಸಿದರೆ ಅದನ್ನು ಆತನ ಇತ್ತೀಚಿನ ಪೌರತ್ವದ ದೇಶಕ್ಕೆ ಮಾಡಿದ ರಫ್ತು ಎಂದು ಪರಿಗಣಿಸಲಾಗುತ್ತದೆ. ಇದನ್ನು ಭಾವಿತ ರಫ್ತು ಎನ್ನಬಹುದು. ಇದರ ತಾರ್ಕಿಕ ಪರಿಣಾಮ ನೇರವಾಗಿದೆ. ಯಾವ ಮಾಹಿತಿಯನ್ನು ಲೈಸೆನ್ಸ್ ಇಲ್ಲದೆ ಬೆಂಗಳೂರಿಗೆ ಕಳುಹಿಸಬಹುದೋ, ಅದೇ ಮಾಹಿತಿಯನ್ನು ವಿಚಿಟಾದಲ್ಲೋ ಸಿಯಾಟಲ್‌ನಲ್ಲೋ ಕುಳಿತ ಭಾರತೀಯ ಎಂಜಿನಿಯರ್‌ಗೆ ತೋರಿಸಲೂ ಲೈಸೆನ್ಸ್ ಬೇಕಾಗುವುದಿಲ್ಲ. ಲೈಸೆನ್ಸ್ ಬೇಕಾದ ಮಾಹಿತಿಯ ವಿಷಯ ಬೇರೆ. ಬೆಂಗಳೂರಿನ ಕೇಂದ್ರಕ್ಕೆ ಪಡೆದ ಅನುಮತಿ ಅಮೆರಿಕದಲ್ಲಿರುವ ವ್ಯಕ್ತಿಗೆ ತಾನಾಗಿ ಅನ್ವಯಿಸದು. ಆದರೆ ಲೈಸೆನ್ಸ್ ಬೇಡದ ವಿಶಾಲ ನಾಗರಿಕ ವಲಯದಲ್ಲಿ, ಒಂದೇ ಕೆಲಸ ಬೆಂಗಳೂರಿನಲ್ಲಿ ಭಾರತೀಯನಿಗೆ ಸಿಕ್ಕಿ ಅಮೆರಿಕದಲ್ಲಿ ಭಾರತೀಯನಿಗೆ ನಿರಾಕರಣೆಯಾದರೆ, ಆ ನಿರಾಕರಣೆಗೆ ರಫ್ತು ನಿಯಂತ್ರಣವನ್ನು ಕಾರಣವಾಗಿ ಕೊಡಲು ಬರುವುದಿಲ್ಲ.

ಎರಡು ಕಾನೂನುಗಳ ನಡುವಿನ ಖಾಲಿ ಜಾಗ

ಹಾಗಾದರೆ ರೂಢಿ ಇಷ್ಟು ಬಿಗಿಯಾದದ್ದು ಹೇಗೆ? ಉತ್ತರ ಒಂದು ವ್ಯಾಖ್ಯೆಯಲ್ಲಿದೆ. ಐಟಾರ್ ‘ಅಮೆರಿಕದ ವ್ಯಕ್ತಿ’ ಎಂದು ಗುರುತಿಸುವುದು ನಾಗರಿಕರನ್ನು, ಗ್ರೀನ್ ಕಾರ್ಡ್ ಹೊಂದಿದ ಕಾಯಂ ನಿವಾಸಿಗಳನ್ನು ಮತ್ತು ನಿರಾಶ್ರಿತರು, ಆಶ್ರಯ ಪಡೆದವರನ್ನು. ಈ ಕೊನೆಯ ಗುಂಪನ್ನು ಹೆಸರಿಸಲು ಐಟಾರ್ ತನ್ನದೇ ಪದಗಳನ್ನು ಬಳಸದೆ 1986ರ ವಲಸೆ ಸುಧಾರಣಾ ಕಾಯ್ದೆಯ ‘ರಕ್ಷಿತ ವ್ಯಕ್ತಿ’ ಎಂಬ ವ್ಯಾಖ್ಯೆಯನ್ನು ಎರವಲು ಪಡೆಯುತ್ತದೆ. ಆ ಕಾಯ್ದೆಯ ಪ್ರಕಾರ ಪೌರತ್ವದ ಸ್ಥಿತಿಯನ್ನು ನೆಪಮಾಡಿ ಕೆಲಸ ನಿರಾಕರಿಸುವಂತಿಲ್ಲ. ಆದರೆ ಈ ರಕ್ಷಣೆ ಸಿಗುವುದು ರಕ್ಷಿತ ವ್ಯಕ್ತಿಗಳಿಗೆ ಮಾತ್ರ. ಹೀಗಾಗಿ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದು ಒಪಿಟಿ ಎಂಬ ತರಬೇತಿ ಉದ್ಯೋಗದ ಅನುಮತಿ ಕಾರ್ಡ್ ಹಿಡಿದ ಪದವೀಧರನೂ ಎಚ್-1ಬಿ ಕೆಲಸದ ವೀಸಾದ ಉದ್ಯೋಗಿಯೂ ಎರಡೂ ಕಾನೂನುಗಳಿಂದ ಒಟ್ಟಿಗೆ ಹೊರಗುಳಿಯುತ್ತಾರೆ. ಒಂದು ಕಾನೂನು ಅವರನ್ನು ಪರದೇಶದವರೆಂದು ನಿರ್ಬಂಧಿಸುತ್ತದೆ. ಇನ್ನೊಂದು, ಆ ನಿರ್ಬಂಧ ಅತಿಯಾದಾಗ ಅವರನ್ನು ಕಾಯುವುದಿಲ್ಲ. ಉದ್ಯೋಗದಲ್ಲಿ ರಾಷ್ಟ್ರೀಯ ಮೂಲದ ತಾರತಮ್ಯವನ್ನು ನಿಷೇಧಿಸುವ 1964ರ ನಾಗರಿಕ ಹಕ್ಕು ಕಾಯ್ದೆಯೂ ಇಲ್ಲಿ ಹೆಚ್ಚು ನೆರವಾಗದು. ಪೌರತ್ವದ ಆಧಾರದ ನಿರಾಕರಣೆ ರಾಷ್ಟ್ರೀಯ ಮೂಲದ ತಾರತಮ್ಯವಲ್ಲ ಎಂದು 1973ರ ಎಸ್ಪಿನೋಜಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಒಪ್ಪಂದ ಮಾಡಿಕೊಳ್ಳುವ ಹಕ್ಕಿನ ಹಳೆಯ ಕಾನೂನೊಂದನ್ನು ಕೆಲವು ನ್ಯಾಯಾಲಯಗಳು ಪರದೇಶದವರ ಪರವಾಗಿ ಓದಿವೆ ನಿಜ. ಆದರೆ ‘ಮುಂದೆ ವೀಸಾ ಸ್ಪಾನ್ಸರ್‌ಶಿಪ್ ಬೇಕೇ’ ಎಂದು ಕೇಳಿ ಬೇಡವೆನ್ನುವ ಕಂಪನಿಯ ದಾರಿಗೆ ಅದು ಅಡ್ಡಬರುವುದು ವಿರಳ.

ಇದರ ಆರ್ಥಿಕ ಫಲವನ್ನು ಅಂಕಿಗಳೇ ಹೇಳುತ್ತವೆ. ರಫ್ತು ನಿಯಂತ್ರಣದ ಉಲ್ಲಂಘನೆಗಳಿಗಾಗಿ ಬೋಯಿಂಗ್ 2024ರ ಫೆಬ್ರುವರಿಯಲ್ಲಿ 5.1 ಕೋಟಿ ಡಾಲರ್‌ಗೆ ವಿದೇಶಾಂಗ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರ್‌ಟಿಎಕ್ಸ್ ಒಪ್ಪಿಕೊಂಡ ಮೊತ್ತ 20 ಕೋಟಿ ಡಾಲರ್. ಇನ್ನೊಂದು ಬದಿಯಲ್ಲಿ, ರಫ್ತು ನಿಯಂತ್ರಣದ ಹೆಸರಿನಲ್ಲಿ ಅತಿಯಾಗಿ ನಡೆದುಕೊಂಡದ್ದಕ್ಕೆ ನ್ಯಾಯ ಇಲಾಖೆಗೆ ಜನರಲ್ ಮೋಟಾರ್ಸ್ 2023ರಲ್ಲಿ ಕೊಟ್ಟದ್ದು 3,65,000 ಡಾಲರ್. ಹೋಂಡಾ ಏರ್‌ಕ್ರಾಫ್ಟ್ 2019ರಲ್ಲಿ ಕೊಟ್ಟದ್ದು 44,626 ಡಾಲರ್. ಒಪಿಟಿ ಪದವೀಧರನನ್ನು ನಿರಾಕರಿಸಿದ್ದಕ್ಕೆ ಆ ವಲಸೆ ಸುಧಾರಣಾ ಕಾಯ್ದೆಯಡಿ ತೆರಬೇಕಾದ ದಂಡವೇ ಇಲ್ಲ. ಒಂದು ತಪ್ಪಿಗೆ ಕೋಟಿಗಟ್ಟಲೆ, ಅದರ ವಿರುದ್ಧ ದಿಕ್ಕಿನ ತಪ್ಪಿಗೆ ಏನೂ ಇಲ್ಲ ಎಂದಾದಾಗ ನೇಮಕಾತಿ ವಿಭಾಗ ಯಾವ ಕಡೆಗೆ ವಾಲುತ್ತದೆ ಎಂಬುದು ಊಹಿಸಲಾಗದ ಸಂಗತಿಯಲ್ಲ. ಪ್ರತಿ ಹುದ್ದೆಯ ಮಾಹಿತಿಯನ್ನು ವರ್ಗೀಕರಿಸಿ ನೋಡುವ ಶ್ರಮಕ್ಕಿಂತ, ಎಲ್ಲ ಹುದ್ದೆಗಳಿಗೂ ‘ಅಮೆರಿಕದ ವ್ಯಕ್ತಿಗಳಿಗೆ ಮಾತ್ರ’ ಎಂದು ಬರೆದುಬಿಡುವುದು ಅಗ್ಗ.

ಹೋಂಡಾ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೊದಲ್ಲಿರುವ ಈ ಕಂಪನಿ ತಯಾರಿಸುವುದು ಸಣ್ಣ ಬಿಸಿನೆಸ್ ಜೆಟ್ ವಿಮಾನ, ಎಂದರೆ ಅಪ್ಪಟ ನಾಗರಿಕ ವಿಮಾನ. ಅದರ ಉದ್ಯೋಗ ಜಾಹೀರಾತುಗಳು ನಿರ್ದಿಷ್ಟ ಪೌರತ್ವ ಸ್ಥಿತಿಯನ್ನು ಷರತ್ತಾಗಿ ಇಟ್ಟಿದ್ದವು. ಐಟಾರ್ ಮತ್ತು ಇಎಆರ್‌ಗಳನ್ನು ಕಂಪನಿ ತಪ್ಪಾಗಿ ಅರ್ಥೈಸಿಕೊಂಡದ್ದೇ ಇದಕ್ಕೆ ಕಾರಣ ಎಂದು ನ್ಯಾಯ ಇಲಾಖೆ ಹೇಳಿತು. ಜನರಲ್ ಮೋಟಾರ್ಸ್ ಪ್ರಕರಣದಲ್ಲಿ ರಫ್ತು ಪರಿಶೀಲನೆಯನ್ನೂ ಉದ್ಯೋಗ ಅರ್ಹತೆಯ ದಾಖಲೆ ಪರಿಶೀಲನೆಯನ್ನೂ ಬೆರೆಸಿ, ಗ್ರೀನ್ ಕಾರ್ಡ್ ಹೊಂದಿದವರಿಂದಲೂ ಪರದೇಶದ ಪಾಸ್‌ಪೋರ್ಟ್ ಕೇಳಲಾಗಿತ್ತು. ಕಾನೂನು ಸಲಹೆಗಾರರ ಪಡೆಯನ್ನೇ ಇಟ್ಟುಕೊಂಡ ಕಂಪನಿಗಳು ಹೀಗೆ ತಪ್ಪುವಾಗ, ಸಣ್ಣ ಬಿಡಿಭಾಗ ತಯಾರಕರಿಂದ ಹೆಚ್ಚಿನ ನಿಖರತೆ ನಿರೀಕ್ಷಿಸುವುದು ಕಷ್ಟ. ರೂಢಿ ಕಾನೂನನ್ನು ಮೀರಿದೆ ಎಂಬುದಕ್ಕೆ ಅಮೆರಿಕ ಸರ್ಕಾರದ ದಾಖಲೆಗಳೇ ಸಾಕ್ಷಿ. ಆದರೆ ಆ ಒಪ್ಪಂದಗಳ ಲಾಭ ರಕ್ಷಿತ ವ್ಯಕ್ತಿಗಳಿಗೆ ದಕ್ಕಿತು, ಒಪಿಟಿಯವರಿಗೆ ದಕ್ಕಲಿಲ್ಲ.

ಹುಟ್ಟಿದ ದೇಶದ ಲೆಕ್ಕ

ಗ್ರೀನ್ ಕಾರ್ಡ್ ಕೈಗೆ ಬಂದ ದಿನ ಈ ನಿರ್ಬಂಧಗಳೆಲ್ಲ ಕಳಚಿಬೀಳುತ್ತವೆ. ಕ್ಲಿಯರೆನ್ಸ್ ಬೇಡುವ ಹುದ್ದೆಗಳು ಮತ್ತು ಸರ್ಕಾರಿ ಸೇವೆ ಮಾತ್ರ ಹೊರತು. ಆದರೆ ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಯಾವುದೇ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇಕಡಾ 7ರ ಮಿತಿಯಿದೆ. ಈ ಲೆಕ್ಕ ಪೌರತ್ವದ್ದಲ್ಲ, ಹುಟ್ಟಿದ ದೇಶದ್ದು. 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದಲ್ಲಿ ಹುಟ್ಟಿದವರ ಇಬಿ-2 ವರ್ಗದ ಸರದಿ 2013ರಲ್ಲಿ ಅರ್ಜಿ ಹಾಕಿದವರ ಹತ್ತಿರವೇ ನಿಂತಿತ್ತು. ಜರ್ಮನಿಯಲ್ಲೋ ನೇಪಾಳದಲ್ಲೋ ಹುಟ್ಟಿದ ಸಹಪಾಠಿ ಅದೇ ಪದವಿ, ಅದೇ ಅಂಕ, ಅದೇ ಹುದ್ದೆಯಿಂದ ಹೊರಟು ಕೆಲವೇ ವರ್ಷಗಳಲ್ಲಿ ‘ಅಮೆರಿಕದ ವ್ಯಕ್ತಿ’ಯಾಗುತ್ತಾನೆ. ಭಾರತದಲ್ಲಿ ಹುಟ್ಟಿದವನು ವೃತ್ತಿಜೀವನದ ಅತ್ಯುತ್ತಮ ವರ್ಷಗಳನ್ನು ‘ಪರದೇಶದ ವ್ಯಕ್ತಿ’ಯಾಗಿಯೇ ಕಳೆಯುತ್ತಾನೆ. ರಫ್ತು ನಿಯಂತ್ರಣದ ಕಾನೂನಿನಲ್ಲಿ ಹುಟ್ಟಿದ ಸ್ಥಳದ ಪ್ರಸ್ತಾಪವೇ ಇಲ್ಲ. ಆದರೂ ವಲಸೆಯ ಸರದಿಯ ಮೂಲಕ ಅದು ಹಿಂಬಾಗಿಲಿನಿಂದ ಒಳಬಂದಿದೆ. ಭಾರತೀಯ ವಿಮಾನ ಎಂಜಿನಿಯರ್‌ಗಳ ಕಷ್ಟವನ್ನು ಇತರ ದೇಶದವರ ಕಷ್ಟದೊಂದಿಗೆ ಒಂದೇ ಎಂದು ಹೇಳಲಾಗದಿರುವುದು ಈ ಕಾರಣಕ್ಕೆ.

ಮೂರು ಆಕ್ಷೇಪಗಳು

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಉದ್ಯಮದೊಳಗಿನಿಂದಲೇ ಬರುತ್ತದೆ. ಒಂದೇ ಕಾರ್ಖಾನೆಯಲ್ಲಿ ನಾಗರಿಕ ಮತ್ತು ಮಿಲಿಟರಿ ಕೆಲಸ ಬೆರೆತಿರುವಾಗ ಮಾಹಿತಿಯನ್ನು ಬೇರ್ಪಡಿಸುವುದು ಸಾಧ್ಯವೇ ಎಂಬುದು ಆ ಪ್ರಶ್ನೆ. ಇದು ಹಗುರವಾದ ಪ್ರಶ್ನೆಯಲ್ಲ. ಕ್ಯುಆರ್‌ಎಸ್-11 ಎಂಬ ಪುಟ್ಟ ಗೈರೊ ಚಿಪ್ ಪ್ರಯಾಣಿಕ ವಿಮಾನಗಳ ಹೆಚ್ಚುವರಿ ಹಾರಾಟ ಉಪಕರಣದಲ್ಲಿ ಬಳಕೆಯಾಗುತ್ತಿತ್ತು. ಕ್ಷಿಪಣಿ ಮಾರ್ಗದರ್ಶನದಲ್ಲೂ ಬಳಸುವ ಭಾಗವಾದ್ದರಿಂದ ಅದು ಆಗ ಯುದ್ಧಸಾಮಗ್ರಿ ಪಟ್ಟಿಯಲ್ಲಿತ್ತು. ಆ ಚಿಪ್ ಇದ್ದ ನಾಗರಿಕ ವಿಮಾನಗಳನ್ನು ಅನುಮತಿಯಿಲ್ಲದೆ ಹೊರದೇಶಗಳಿಗೆ ಮಾರಿದ ಪ್ರಕರಣದಲ್ಲಿ ಬೋಯಿಂಗ್ 2006ರಲ್ಲಿ 1.5 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಅಂಗೈಯಲ್ಲಿ ಅಡಗುವ ಒಂದು ಭಾಗ ಇಡೀ ವಿಮಾನವನ್ನು ಸಿಕ್ಕಿಸಬಲ್ಲದು ಎಂದ ಮೇಲೆ ಕಂಪನಿಗಳ ಭಯಕ್ಕೆ ಆಧಾರವಿದೆ. ಆದರೆ ಈ ಪ್ರಕರಣದಿಂದ ಕಲಿಯಬೇಕಾದದ್ದು ವರ್ಗೀಕರಣದ ಅಗತ್ಯವನ್ನು. ಯಾವ ಭಾಗ ಯಾವ ಪಟ್ಟಿಗೆ ಸೇರುತ್ತದೆಂದು ತಿಳಿಯದ ಕಂಪನಿ ಭಾರತೀಯ ಎಂಜಿನಿಯರ್‌ನನ್ನು ಹೊರಗಿಟ್ಟ ಮಾತ್ರಕ್ಕೆ ಸುರಕ್ಷಿತವಾಗುವುದಿಲ್ಲ. ಅದರ ವಿಮಾನ, ಬಿಡಿಭಾಗ, ನಕ್ಷೆ ಎಲ್ಲವೂ ಹೇಗೂ ಗಡಿ ದಾಟಲೇಬೇಕು. ರಫ್ತು ಮಾಡುವ ಕಂಪನಿ ವರ್ಗೀಕರಣವನ್ನು ಒಮ್ಮೆ ಸರಿಯಾಗಿ ಮಾಡಿದರೆ ಅದೇ ದಾಖಲೆ ನೇಮಕಾತಿಗೂ ಒದಗುತ್ತದೆ.

ಎರಡನೆಯ ಆಕ್ಷೇಪ ರಾಷ್ಟ್ರೀಯ ಭದ್ರತೆಯದು. ಯಾವ ದೇಶವೂ ತನ್ನ ಆಯಕಟ್ಟಿನ ತಂತ್ರಜ್ಞಾನವನ್ನು ಕಾಯ್ದುಕೊಳ್ಳುವ ಹಕ್ಕನ್ನು ಬಿಟ್ಟುಕೊಡದು, ಬಿಟ್ಟುಕೊಡಬೇಕಾಗಿಯೂ ಇಲ್ಲ. ಎಂಜಿನ್ನಿನ ಬಿಸಿಭಾಗದ ತಂತ್ರಜ್ಞಾನ ಎಷ್ಟು ದುರ್ಲಭ ಎಂಬುದನ್ನು ಬೆಂಗಳೂರು ಬಲ್ಲದು. ಇಲ್ಲಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯ ಕಾವೇರಿ ಎಂಜಿನ್ ಯೋಜನೆ 1989ರಲ್ಲಿ ಮಂಜೂರಾಗಿ, 2008ರಲ್ಲಿ ತೇಜಸ್ ವಿಮಾನದಿಂದ ಬೇರ್ಪಟ್ಟಿತು. ಎಫ್414 ಎಂಜಿನ್ನನ್ನು ಭಾರತದಲ್ಲಿ ತಯಾರಿಸುವ ಬಗ್ಗೆ ಜಿಇ ಮತ್ತು ಎಚ್‌ಎಎಲ್ 2023ರ ಜೂನ್‌ನಲ್ಲಿ ಒಡಂಬಡಿಕೆಗೆ ಸಹಿ ಮಾಡಲು ಎರಡು ಸರ್ಕಾರಗಳ ಉನ್ನತ ಮಟ್ಟದ ಮಾತುಕತೆಯೇ ಬೇಕಾಯಿತು. ಇಂಥ ತಂತ್ರಜ್ಞಾನ ಹೊಸ ಪದವೀಧರನೊಬ್ಬನ ಕಂಪ್ಯೂಟರಿಗೆ ಸುಲಭವಾಗಿ ಬರಬೇಕೆಂದು ಈ ಲೇಖನ ಕೇಳುವುದಿಲ್ಲ. ಕಾನೂನು ತಾನೇ ಎಳೆದಿರುವ ಗೆರೆಯನ್ನು ಕಂಪನಿಗಳೂ ಒಪ್ಪಲಿ ಎಂಬುದಷ್ಟೇ ಇಲ್ಲಿನ ವಾದ. ಸೀಟಿನ ಬ್ರಾಕೆಟ್ಟಿಗೂ ಟರ್ಬೈನ್ ಬ್ಲೇಡಿಗೂ ಒಂದೇ ಕಾವಲು ಹಾಕಿದರೆ ಕಾವಲು ನಿಜವಾಗಿ ಬೇಕಾದ ಕಡೆ ತೆಳುವಾಗುತ್ತದೆ.

ಮೂರನೆಯ ಆಕ್ಷೇಪವೇ ಹೆಚ್ಚು ಗಟ್ಟಿ: ನಿಜವಾದ ಅಡ್ಡಿ ವಲಸೆ ಪ್ರಕ್ರಿಯೆಯ ಖರ್ಚು ಮತ್ತು ಅನಿಶ್ಚಿತತೆ, ರಫ್ತು ನಿಯಂತ್ರಣ ಬರೀ ನೆಪ ಎಂಬುದು. ವರ್ಷಕ್ಕೆ 65,000 ಎಚ್-1ಬಿ, ಅಮೆರಿಕದ ಸ್ನಾತಕೋತ್ತರ ಪದವೀಧರರಿಗೆ ಇನ್ನೂ 20,000 ಎಂಬ ಮಿತಿಯೊಳಗೆ ಆಯ್ಕೆಯ ಅದೃಷ್ಟವೂ ಬೇಕು. ಮೇಲಾಗಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಪಾವತಿ ವಿಧಿಸಿದ 2025ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಘೋಷಣೆ ಕಂಪನಿಗಳನ್ನು ಬೆದರಿಸಿತು. ಆದರೆ ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ಸ್ಥಿತಿಯಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಪಾವತಿ ಅನ್ವಯಿಸದು ಎಂದು ವಲಸೆ ಇಲಾಖೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಒಪಿಟಿಯಲ್ಲಿರುವ ಪದವೀಧರ ಹೊರದೇಶದಿಂದ ಬರುವವನಿಗಿಂತ ಅಗ್ಗದ ಆಯ್ಕೆ. ಇದು ಎಷ್ಟೋ ನೇಮಕಾತಿ ಅಧಿಕಾರಿಗಳಿಗೆ ತಲುಪಬೇಕಾದ ವಿಷಯ. ಇನ್ನೊಂದು ಸಂಗತಿ ಈ ಆಕ್ಷೇಪವನ್ನು ಪೂರ್ಣವಾಗಿ ಒಪ್ಪದಂತೆ ಮಾಡುತ್ತದೆ. 2011ರ ಫೆಬ್ರುವರಿಯಿಂದ ಎಚ್-1ಬಿ ಅರ್ಜಿಯ ಐ-129 ನಮೂನೆಯ 6ನೇ ಭಾಗದಲ್ಲಿ ಎರಡು ಚೌಕಗಳಿವೆ. ಈ ವ್ಯಕ್ತಿಗೆ ತಂತ್ರಜ್ಞಾನ ತೋರಿಸಲು ಲೈಸೆನ್ಸ್ ಬೇಕಿಲ್ಲ ಎಂದೋ, ಬೇಕು ಮತ್ತು ಅದು ದೊರೆಯುವವರೆಗೆ ತೋರಿಸುವುದಿಲ್ಲ ಎಂದೋ ಕಂಪನಿ ಪ್ರಮಾಣೀಕರಿಸಿ ಸಹಿ ಹಾಕಬೇಕು. ವಲಸೆಯ ಅರ್ಜಿಯೊಳಗೇ ರಫ್ತು ನಿಯಂತ್ರಣ ಹೀಗೆ ಹೆಣೆದುಕೊಂಡಿರುವಾಗ ಒಂದನ್ನು ಕಾರಣ, ಇನ್ನೊಂದನ್ನು ನೆಪ ಎಂದು ಬೇರ್ಪಡಿಸಲು ಬಾರದು. ಮೊದಲ ಚೌಕಕ್ಕೆ ಧೈರ್ಯವಾಗಿ ಗುರುತು ಹಾಕಬಲ್ಲ ಹುದ್ದೆಗಳನ್ನು ಗುರುತಿಸುವುದೇ ಎರಡೂ ಸಮಸ್ಯೆಗಳಿಗೆ ಸಾಮಾನ್ಯ ಪರಿಹಾರ.

ಅವಕಾಶ ಎಲ್ಲಿದೆ?

ಈ ವಿಶ್ಲೇಷಣೆಯಿಂದ ಕೆಲಸ ಹುಡುಕುವವನಿಗೆ ದೊರೆಯುವ ಮೊದಲ ಉಪಯೋಗ ಜಾಹೀರಾತು ಓದುವ ವಿಧಾನ. ‘ಪೌರತ್ವ’ ಮತ್ತು ‘ಕ್ಲಿಯರೆನ್ಸ್’ ಎಂದಿದ್ದರೆ ಆ ಹುದ್ದೆ ಮುಚ್ಚಿದೆ; ಅಲ್ಲಿ ಸಮಯ ಕಳೆಯುವುದು ವ್ಯರ್ಥ. ‘ಅಮೆರಿಕದ ವ್ಯಕ್ತಿ’ ಎಂದಿದ್ದರೆ ಗ್ರೀನ್ ಕಾರ್ಡ್ ಬರುವವರೆಗೆ ಮುಚ್ಚಿದೆ. ‘ಅಗತ್ಯವಿದ್ದರೆ ರಫ್ತು ಅನುಮತಿ ಪಡೆಯಲು ಅರ್ಹರಾಗಿರಬೇಕು’ ಎಂದಿದ್ದರೆ ಕಂಪನಿ ಹುದ್ದೆಯಿಂದ ಹುದ್ದೆಗೆ ಯೋಚಿಸುತ್ತದೆ ಎಂದು ಅರ್ಥ. ಏನನ್ನೂ ಹೇಳದ ಜಾಹೀರಾತಿನಲ್ಲಿ ಆ ಹುದ್ದೆಯ ಮಾಹಿತಿ ಯಾವ ಪಟ್ಟಿಗೆ ಸೇರುತ್ತದೆಂದು ವಿನಯದಿಂದ ಕೇಳುವುದು ಅಭ್ಯರ್ಥಿಗೆ ಗೌರವವನ್ನೇ ತರುತ್ತದೆ. ಕ್ಷೇತ್ರಗಳ ಆಯ್ಕೆಯೂ ಇದೇ ತತ್ವವನ್ನು ಅನುಸರಿಸಬೇಕು. ವಿಮಾನಯಾನ ಸಂಸ್ಥೆಗಳ ಎಂಜಿನಿಯರಿಂಗ್ ವಿಭಾಗ, ನಿರ್ವಹಣೆ ಮತ್ತು ಓವರ್‌ಹಾಲ್ ಕೇಂದ್ರಗಳು, ವಿಮಾನದ ಒಳಾಂಗಣ, ಹಳೆಯ ವಿಮಾನಗಳಿಗೆ ಮಾರ್ಪಾಡು ಮಾಡಿ ಪೂರಕ ಪ್ರಮಾಣಪತ್ರ ಪಡೆಯುವ ಸಂಸ್ಥೆಗಳು, ಬದಲಿ ಬಿಡಿಭಾಗ ತಯಾರಕರು, ಸಿಮ್ಯುಲೇಟರ್ ಮತ್ತು ವಿಶ್ವಾಸಾರ್ಹತೆ ವಿಶ್ಲೇಷಣೆ ಇವೆಲ್ಲ ಹೆಚ್ಚಾಗಿ ನಾಗರಿಕ ಮಾಹಿತಿಯ ಮೇಲೆ ನಡೆಯುತ್ತವೆ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯಾದ ಎಫ್‌ಎಎ ನೀಡುವ ಏರ್‌ಫ್ರೇಮ್ ಮತ್ತು ಪವರ್‌ಪ್ಲಾಂಟ್ ಮೆಕ್ಯಾನಿಕ್ ಪ್ರಮಾಣಪತ್ರಕ್ಕೆ ಪೌರತ್ವದ ಷರತ್ತೇ ಇಲ್ಲ. ಹ್ಯಾಂಗರ್ ಅನುಭವವಿರುವ ಎಂಜಿನಿಯರ್‌ಗೆ ಅದು ಗಟ್ಟಿ ಆಸ್ತಿ.

ಎರಡನೆಯದು ಕಾಲದ ಲೆಕ್ಕ. ಪದವಿಯ ನಂತರ 12 ತಿಂಗಳ ಒಪಿಟಿ, ಏರೋಸ್ಪೇಸ್ ಎಂಜಿನಿಯರಿಂಗ್‌ನಂಥ ಸ್ಟೆಮ್ ಪದವಿಗೆ 2016ರಿಂದ ಇನ್ನೂ 24 ತಿಂಗಳು. ಈ ವಿಸ್ತರಣೆಯ ಸಿಂಧುತ್ವವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿಯಿತು. ಅದರ ವಿರುದ್ಧದ ಅರ್ಜಿಯನ್ನು ಮರುವರ್ಷ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ಆದರೆ ಮೊದಲ ವರ್ಷದಲ್ಲಿ ಕೆಲಸವಿಲ್ಲದ ದಿನಗಳು 90 ಮೀರುವಂತಿಲ್ಲ, ವಿಸ್ತರಣೆ ಸೇರಿ ಒಟ್ಟು 150. ವಿಸ್ತರಣೆಗೆ ಕಂಪನಿ ಉದ್ಯೋಗ ಅರ್ಹತೆ ಪರಿಶೀಲಿಸುವ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ತರಬೇತಿಯ ಯೋಜನೆಯನ್ನು ಐ-983 ನಮೂನೆಯಲ್ಲಿ ಬರೆದು ಸಹಿ ಹಾಕಬೇಕು. ನಾಗರಿಕ ಬಿಡಿಭಾಗಗಳ ಸಣ್ಣ ಕಂಪನಿಗಳಲ್ಲಿ ರಫ್ತಿನ ತೊಡಕು ಕಡಿಮೆಯಿದ್ದರೂ ಇ-ವೆರಿಫೈ ಇಲ್ಲದಿರಬಹುದು. ಇದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ವರ್ಷ ಮುಗಿಯುವಾಗ ತಿಳಿದರೆ ಹೊತ್ತು ಮೀರಿರುತ್ತದೆ.

ಮೂರನೆಯದು ವಿಶ್ವವಿದ್ಯಾಲಯದಲ್ಲೇ ಆರಂಭವಾಗುವ ಆಯ್ಕೆ. ಪ್ರಕಟಣೆಗೆ ಮುಕ್ತವಾದ ಮೂಲಭೂತ ಸಂಶೋಧನೆಯ ಫಲಗಳನ್ನು ಆದಷ್ಟು ನಿರ್ಬಂಧಿಸದಿರುವುದು 1985ರ ಎನ್‌ಎಸ್‌ಡಿಡಿ-189 ನಿರ್ದೇಶನದಿಂದ ಅಮೆರಿಕದ ಘೋಷಿತ ನೀತಿ. ಆದರೆ ಇಂಥ ಮುಕ್ತ ಸಂಶೋಧನೆ ನಡೆಯುವ ವಿಭಾಗದಲ್ಲೇ ಇನ್ನೊಂದು ಪ್ರಯೋಗಾಲಯ ಪ್ರಕಟಣೆಗೆ ಅಡ್ಡಿಯಿರುವ ರಕ್ಷಣಾ ಯೋಜನೆ ನಡೆಸುತ್ತಿರಬಹುದು. ಯಾವ ಮಾರ್ಗದರ್ಶಕರ ಬಳಿ ಸೇರಬೇಕೆಂಬ ತೀರ್ಮಾನ, ಪದವಿ ಮುಗಿದ ಮೇಲೆ ಯಾವ ಹುದ್ದೆಗಳ ಮುಂದೆ ನಿಲ್ಲಬಹುದೆಂಬುದನ್ನೂ ತೀರ್ಮಾನಿಸುತ್ತದೆ. ಶಬ್ದಾತೀತ ವೇಗದ ಕ್ಷಿಪಣಿಯ ಸಮಸ್ಯೆಯಲ್ಲಿ ಪಳಗಿದವನಿಗಿಂತ ಆಯಾಸ ಮತ್ತು ಹಾನಿ ಸಹಿಷ್ಣುತೆ, ಪ್ರಮಾಣೀಕರಣ, ಡಿಒ-178ಸಿ ಮಾನದಂಡದ ಸಾಫ್ಟ್‌ವೇರ್ ಪರಿಶೀಲನೆ ಇವುಗಳಲ್ಲಿ ಪಳಗಿದವನಿಗೆ ತೆರೆದ ಬಾಗಿಲುಗಳು ಹೆಚ್ಚು. ಈ ಕೌಶಲಗಳಿಗೆ ಬೆಂಗಳೂರಿನಲ್ಲೂ ಬೆಲೆಯಿದೆ ಎಂಬುದು ಇದರ ಇನ್ನೊಂದು ಅನುಕೂಲ. ಮರಳಿ ಬರಬೇಕಾದರೂ ಕಲಿತದ್ದು ವ್ಯರ್ಥವಾಗದು.

ಸಮಾರೋಪ

ಅಮೆರಿಕದ ವಿಮಾನೋದ್ಯಮ ಭಾರತೀಯ ಪದವೀಧರರಿಗೆ ಪೂರ್ತಿ ಮುಚ್ಚಿದೆ ಎಂಬ ನಂಬಿಕೆಗೆ ಕಾನೂನಿನ ಆಧಾರವಿಲ್ಲ. ಎಲ್ಲರಿಗೂ ತೆರೆದಿದೆ ಎಂಬ ಏಜೆಂಟರ ಭರವಸೆಗೂ ಆಧಾರವಿಲ್ಲ. ನಿರ್ಬಂಧ ಮಾಹಿತಿಯ ಸುತ್ತ ಇದೆ, ರೂಢಿ ಅದನ್ನು ವ್ಯಕ್ತಿಗಳ ಸುತ್ತ ವಿಸ್ತರಿಸಿದೆ, ಒಪಿಟಿಯವರ ವಿಷಯದಲ್ಲಿ ಹಾಗೆ ವಿಸ್ತರಿಸಿದ್ದಕ್ಕೆ ಯಾರೂ ಬೆಲೆ ತೆರಬೇಕಾಗಿಲ್ಲದಿರುವುದರಿಂದ ಅದು ಹಾಗೆಯೇ ಉಳಿದಿದೆ. ಅಮೆರಿಕದ ಕಾನೂನನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಏರೋನಾಟಿಕಲ್ ಪದವಿ ತರಗತಿಗಳಲ್ಲಿ ರಫ್ತು ನಿಯಂತ್ರಣದ ಪರಿಚಯಕ್ಕೆ ಕೆಲವು ಗಂಟೆ ಮೀಸಲಿಡುವುದು ನಮ್ಮ ಕೈಯಲ್ಲಿದೆ. ಬೆಂಗಳೂರಿನ ಎಂಜಿನಿಯರಿಂಗ್ ಕೇಂದ್ರಗಳಲ್ಲಿ ಈ ನಿಯಮಗಳನ್ನು ದಿನವೂ ಪಾಲಿಸುವ ಅಧಿಕಾರಿಗಳಿದ್ದಾರೆ. ಅವರನ್ನು ಕಾಲೇಜುಗಳಿಗೆ ಕರೆಸಿ ಮಾತನಾಡಿಸುವುದೂ ಸಾಧ್ಯ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಮಗನನ್ನೋ ಮಗಳನ್ನೋ ವಿಮಾನ ಎಂಜಿನಿಯರ್ ಮಾಡಲು ಕಳುಹಿಸುವ ಕುಟುಂಬಕ್ಕೆ, ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಈ ನಿಯಮಗಳನ್ನು ವಿವರವಾಗಿ ತಿಳಿಸುವುದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕರ್ತವ್ಯ.